ಆಮೆಬಂಡೆಯಿಂದ ಅತ್ತಿಯ ಕೊಂಬೆಗೆ

ಒಂದು ಕಾಡಿನಲ್ಲಿ ಒಂದು ಮುಂಗುಸಿ ಇತ್ತು ಎಂದು ಶುರು ಮಾಡೋಣವೆಂದರೆ ಆ ಕಾಡಿನ ಹೊಳೆ ಅಡ್ಡ ಬರುತ್ತದೆ. ಹೊಳೆಯ ಸಂಗತಿ ಹೇಳದೆ ಈ ಕಥೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಆದ್ದರಿಂದ ಮೊದಲು ಹೊಳೆಯ ಮಾತು ಕೇಳಿ, ಮಕ್ಕಳೇ. ಮುಂಗುಸಿ ಎಲ್ಲಿಗೂ ಓಡಿಹೋಗುವುದಿಲ್ಲ.

ಆ ಹೊಳೆ ಕಾಡನ್ನು ಎರಡು ಪಾಲು ಮಾಡಿ ಹರಿಯುತ್ತಿತ್ತು. ಈಚೆ ದಡದಲ್ಲಿ ಸಣ್ಣಪುಟ್ಟ ಪ್ರಾಣಿಗಳ ಬಿಲಗಳಿದ್ದವು. ಆಚೆ ದಡದಲ್ಲಿ ಹುತ್ತಗಳು, ಗೆಡ್ಡೆಗೆಣಸು, ಹುಲ್ಲುಗಾವಲು ಇದ್ದವು. ಅದರಾಚೆ ಒಂದು ಬೆಟ್ಟ. ಬೆಟ್ಟದ ಗುಹೆಯಲ್ಲಿ ಸಿಂಹರಾಜ ಇದ್ದ. ಹೊಟ್ಟೆಪಾಡಿಗಾಗಲಿ, ಪಾಠಕ್ಕಾಗಲಿ, ದೂರು ಕೊಡುವುದಕ್ಕಾಗಲಿ ಎಲ್ಲರೂ ಆಚೆ ದಡಕ್ಕೇ ಹೋಗಬೇಕಿತ್ತು. ರೆಕ್ಕೆ ಇದ್ದವರು ಹಾರಿ ಹೋಗುತ್ತಿದ್ದರು. ಕೋತಿಗಳು ಕೊಂಬೆಯಿಂದ ಕೊಂಬೆಗೆ ನೆಗೆಯುತ್ತಿದ್ದವು. ಕಡವೆಗಳು ಈಜುತ್ತಿದ್ದವು. ಮೊಲ, ಮುಂಗುಸಿ, ಮುಳ್ಳುಹಂದಿಯಂಥ ಗಿಡ್ಡ ಕಾಲಿನವರು ಏನು ಮಾಡಬೇಕು? ಅವರಿಗೆ ಕರಿಬಸಣ್ಣ ಇದ್ದ.

ಕರಿಬಸಣ್ಣ ಎಂದರೆ ಒಂದು ಕಾಡುಕೋಣ. ಬೆನ್ನು ಜಗಲಿಯಷ್ಟು ಅಗಲ. ಮನಸ್ಸು ಒಳ್ಳೆಯದು, ಮಾತು ಕಡಿಮೆ. ದಿನವೂ ಸಣ್ಣವರನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದ. ಮೊಲಗಳು ಮುಂದೆ, ಮುಂಗುಸಿಗಳು ನಡುವೆ. ಮುಳ್ಳುಹಂದಿ ಮಾತ್ರ ಬಾಲದ ಹತ್ತಿರ ಒಬ್ಬಳೇ ಕೂರಬೇಕಿತ್ತು. ಅವಳ ಪಕ್ಕ ಕೂರುವ ಧೈರ್ಯ ಯಾರಿಗಿತ್ತು, ನೀವೇ ಹೇಳಿ.

ಹೊಳೆಯ ನಡುವೆ ಆಮೆಬಂಡೆ ಎಂಬ ಒಂದು ಬಂಡೆ ಇತ್ತು. ಆ ಬಂಡೆ ಕಾಣುತ್ತಿದ್ದರೆ ಸವಾರಿ ಉಂಟು. ಬಂಡೆ ಮುಳುಗಿದರೆ ಸವಾರಿ ಬಂದ್. ಇದು ಅಜ್ಜಂದಿರ ಕಾಲದ ನಿಯಮ. ಮಳೆಗಾಲದಲ್ಲಿ ಬಂಡೆ ಎಷ್ಟೋ ದಿನ ಮುಳುಗಿರುತ್ತಿತ್ತು. ಆಗ ಸಣ್ಣವರೆಲ್ಲ ಬಿಲದಲ್ಲೇ ಕೂತು, ಹಸಿವಾದರೆ ಬೇರೋ ಎರೆಹುಳವೋ ಸಿಕ್ಕಿದ್ದನ್ನು ತಿಂದುಕೊಂಡು, ಮಳೆಯನ್ನು ಬೈದುಕೊಂಡು ದಿನ ನೂಕುತ್ತಿದ್ದರು. ಅಂಥ ನಿಯಮ ಸುಮ್ಮನೆ ಹುಟ್ಟುವುದಿಲ್ಲ. ಯಾವಾಗಲೋ ಯಾರದೋ ಮಗು ಹೋಗಿ, ಯಾರೋ ಅತ್ತು, ಆಮೇಲೆ ಹುಟ್ಟಿರುತ್ತದೆ. ಆದರೆ ಯಾರು ಅತ್ತಿದ್ದರು ಎಂಬುದು ಆ ಕಾಡಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

ಈಗ ನರಿಯ ಮಾತು. ಈ ನರಿ ಹೊಳೆಯ ಅಮಲ್ದಾರನಾಗಿದ್ದ. ಸಿಂಹರಾಜನೇ ನೇಮಿಸಿದ್ದ. ಸವಾರಿ ನೋಡಿಕೊಳ್ಳುವುದು ಅವನ ಕೆಲಸ. ಅದಕ್ಕಾಗಿ ಹೊಳೆ ದಾಟುವವರೆಲ್ಲ ಅವನಿಗೆ ತಲಾ ಒಂದು ಏಡಿ ಕೊಡಬೇಕಿತ್ತು. ಬೇಸಿಗೆಯಲ್ಲಿ ನರಿಯ ಹೊಟ್ಟೆ ಗುಂಡಗಿರುತ್ತಿತ್ತು. ಮಳೆಗಾಲದಲ್ಲಿ ಬಂಡೆ ಮುಳುಗಿ, ಸವಾರಿ ನಿಂತು, ಏಡಿ ಬರುವುದೂ ನಿಂತು, ಅಮಲ್ದಾರರ ಪಕ್ಕೆಲುಬು ಕಾಣುತ್ತಿತ್ತು. ಬೇರೆಯವರ ಹಾಗೆ ತಾನೇ ಹೋಗಿ ಏಡಿ ಹಿಡಿಯಬಹುದಿತ್ತಲ್ಲ ಎನ್ನುತ್ತೀರಾ? ಅಮಲ್ದಾರನಾದವನು ಕೆಸರಿಗೆ ಕೈ ಹಾಕುತ್ತಾನೆಯೇ?

ಒಂದು ಬೇಸಿಗೆಯಲ್ಲಿ ನರಿ ಸಿಂಹರಾಜನ ಬಳಿ ಹೋಗಿ ಕೈಮುಗಿದು ನಿಂತ.

“ಮಹಾಪ್ರಭು, ನಮ್ಮ ಹೊಳೆಯ ನಿಯಮ ತೀರಾ ಹಳೆಯದಾಯಿತು. ಒಂದು ಬಂಡೆ ನೋಡಿಕೊಂಡು ಕಾಡೆಲ್ಲ ಕೈಕಟ್ಟಿ ಕೂರುವುದೇ? ಪಕ್ಕದ ಕಾಡಿನವರು ನಗುತ್ತಿದ್ದಾರೆ.”

“ನಗುತ್ತಾರಾ?” ಸಿಂಹಕ್ಕೆ ಬೇರೆ ಏನು ಹೇಳಿದರೂ ನಿದ್ದೆ ಬರುತ್ತಿತ್ತು. ಪಕ್ಕದ ಕಾಡಿನವರು ನಗುತ್ತಾರೆಂದರೆ ಮಾತ್ರ ಎಚ್ಚರವಾಗುತ್ತಿತ್ತು. “ಏನು ಮಾಡಬೇಕು ಹೇಳು.”

“ದಡದಲ್ಲಿ ಅತ್ತಿಮರ ಇದೆಯಲ್ಲ ಪ್ರಭು, ಅದರ ಬಾಗಿದ ಕೊಂಬೆ ಮುಳುಗುವವರೆಗೆ ಸವಾರಿ ನಡೆಯಲಿ. ಗುರುತನ್ನು ಬಂಡೆಯಿಂದ ಕೊಂಬೆಗೆ ಏರಿಸಿದರೆ ಸಾಕು. ಹೇಗಿದ್ದರೂ ಕೋಣನಿಗೆ ಈಜು ಬರುತ್ತದೆ.”

“ಜನ ಬೈಯುವುದಿಲ್ಲವೇ?”

“ಬೈಯದ ಹಾಗೆ ಮಾಡೋಣ. ಮೊದಲು ಕರಡು ಅಂತ ಹೊರಡಿಸೋಣ. ಎಲ್ಲರ ಅಭಿಪ್ರಾಯ ಕೇಳೋಣ. ಕೇಳಿದ ಮೇಲೆ ಬೈಯುವುದಕ್ಕೆ ಬಾಯಿ ಎಲ್ಲಿರುತ್ತದೆ?”

ಕರಡು ಎಂದರೆ ಇನ್ನೂ ಹಸಿಯಾಗಿರುವ ನಿಯಮ, ಮಕ್ಕಳೇ. ಒಣಗಿ ಗಟ್ಟಿಯಾಗುವ ಮೊದಲು ಯಾರು ಬೇಕಾದರೂ ಮುಟ್ಟಿ ತಿದ್ದಬಹುದು ಅಂತ ಅರ್ಥ. ಹಾಗಂತ ಹೇಳುತ್ತಾರೆ.

ಮರುದಿನವೇ ಕಾಗೆ ಮರದಿಂದ ಮರಕ್ಕೆ ಹಾರುತ್ತಾ ಕೂಗಿತು. “ಕೇಳ್ರಪ್ಪೋ ಕೇಳಿ! ಹೊಳೆ ದಾಟುವವರ ಸುರಕ್ಷತಾ ನಿಯಮಕ್ಕೆ ತಿದ್ದುಪಡಿ! ಹುಣ್ಣಿಮೆಯವರೆಗೆ ಗಡುವು! ಅಭಿಪ್ರಾಯ ಇದ್ದವರು ಅತ್ತಿಮರದ ಕೆಳಗೆ ಬಂದು ಅಮಲ್ದಾರರ ಮುಂದೆ ಹೇಳಬೇಕು! ಆಮೇಲೆ ಹೇಳಿದರೆ ಕೇಳುವುದಿಲ್ಲ!”

ಹೊಳೆ ದಾಟುವವರ ಸುರಕ್ಷತಾ ನಿಯಮ! ಎಷ್ಟು ಚೆಂದದ ಹೆಸರು ನೋಡಿ. ಸುರಕ್ಷತೆ ಆ ಹೆಸರಿನಲ್ಲಿತ್ತು, ಬೇರೆಲ್ಲೂ ಇರಲಿಲ್ಲ.

ಕಾಗೆಯ ಕೂಗು ಕೇಳಿ ಒಬ್ಬಳಿಗೆ ಎದೆ ಧಸಕ್ಕೆಂದಿತು. ಅವಳೇ ನಮ್ಮ ಮುಂಗುಸಿ, ಕೆಂಚಕ್ಕ. ಅವಳಿಗೆ ಇದ್ದವನು ಒಬ್ಬನೇ ಮಗ. ಹುಟ್ಟುವಾಗ ಎಷ್ಟು ಸಣ್ಣಗಿದ್ದನೆಂದರೆ ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದಿದ್ದರು. ಅವಳು ಎದೆಗವಚಿಕೊಂಡು ಉಳಿಸಿಕೊಂಡಳು. ಸಣ್ಣಗಿದ್ದ ಅಂತ ಜೀರಿಗೆ ಎಂದು ಕರೆದಳು. ಜೀರಿಗೆ ದಿನವೂ ಕರಿಬಸಣ್ಣನ ಬೆನ್ನೇರಿ ಆಚೆ ದಡಕ್ಕೆ ಪಾಠಕ್ಕೆ ಹೋಗುತ್ತಿದ್ದ. ಅಲ್ಲಿ ಒಬ್ಬ ಮುದಿ ಮುಂಗುಸಿ ಮೇಷ್ಟ್ರು ಹಾವಿನ ಹೆಡೆ ತಪ್ಪಿಸಿಕೊಳ್ಳುವುದನ್ನು ಕಲಿಸುತ್ತಿದ್ದರು. ಅದು ಬಾರದ ಮುಂಗುಸಿಗೆ ಬದುಕಿಲ್ಲ.

“ಅವ್ವಾ, ಇನ್ನು ಮಳೆಗಾಲದಲ್ಲೂ ಪಾಠ ಇರುತ್ತಂತೆ!” ಅಂತ ಜೀರಿಗೆ ಕುಣಿದ.

“ಬಾಯಿ ಮುಚ್ಚೋ, ನಿನ್ನ ಕುಣಿತಕ್ಕಿಷ್ಟು!” ಅಂದಳು ಕೆಂಚಕ್ಕ. ಅಂದ ಮೇಲೆ ಅಯ್ಯೋ ಅನ್ನಿಸಿ ಅವನ ತಲೆ ನೆಕ್ಕಿದಳು.

ಅವಳು ನೇರ ಕರಿಬಸಣ್ಣನ ಹತ್ತಿರ ಹೋದಳು. “ಅಣ್ಣಾ, ನಿಜ ಹೇಳು. ನೀರು ಕೊಂಬೆವರೆಗೂ ಬಂದ್ರೆ ನಿನಗೆ ಕಾಲು ನಿಲ್ಲುತ್ತಾ?”

ಕರಿಬಸಣ್ಣ ಮೆಲುಕು ಹಾಕುವುದನ್ನು ನಿಲ್ಲಿಸಿದ. “ಇಲ್ಲಕ್ಕ. ನಡುವೆ ಒಂದು ಗುಂಡಿ ಐತೆ. ಅಲ್ಲಿ ನಾನು ಈಜಬೇಕಾಗುತ್ತೆ. ನಾನು ಈಜಿದ್ರೆ ಬೆನ್ನು ಮುಳುಗುತ್ತೆ. ಬೆನ್ನು ಮುಳುಗಿದ್ರೆ ಬೆನ್ನ ಮೇಲಿನವರ ಗತಿ ಏನು?”

“ಇದನ್ನೇ ಸಭೇಲಿ ಹೇಳು, ನಿನ್ನ ಕಾಲಿಗೆ ಬೀಳ್ತೀನಿ.”

ಕರಿಬಸಣ್ಣ ಮತ್ತೆ ಮೆಲುಕು ಹಾಕತೊಡಗಿದ. ಆಚೆ ದಡದ ಹುಲ್ಲುಗಾವಲು ಸಿಂಹರಾಜನದು. ರಾಜನ ಹುಲ್ಲು ತಿಂದವನು ರಾಜನ ಮಾತಿಗೆ ಎದುರಾಡಬಾರದು ಎಂಬುದು ಆ ಕಾಡಿನ ಕಟ್ಟಳೆ. ಅವನ ಅಪ್ಪನೂ ಹಾಗೇ ಇದ್ದ, ಅಜ್ಜನೂ ಹಾಗೇ ಇದ್ದ.

ಕೆಂಚಕ್ಕ ಮೊಲದ ಬಿಲಕ್ಕೆ ಹೋದಳು. ಮೊಲದಮ್ಮ “ನೀನು ಹೇಳೋದು ಸರಿ ಕಣೇ. ನಾನೂ ಬಂದು ಹೇಳ್ತೀನಿ” ಎಂದಳು. ಮುಳ್ಳುಹಂದಿಯೂ “ಬಿಡ್ತೀನಾ? ಚೆನ್ನಾಗಿ ಕೇಳ್ತೀನಿ ಅವನನ್ನ” ಎಂದು ಮುಳ್ಳು ನಿಮಿರಿಸಿದಳು. ಕೆಂಚಕ್ಕನ ಮನಸ್ಸು ಸ್ವಲ್ಪ ಹಗುರಾಯಿತು. ಪಾಪ, ಅವಳಿಗೆ ಏನು ಗೊತ್ತು?

ಸಭೆಯ ದಿನ ಅತ್ತಿಮರದ ಕೆಳಗೆ ಕಾಡಿಗೆ ಕಾಡೇ ನೆರೆದಿತ್ತು. ನರಿ ಬಾಲ ಬಾಚಿಕೊಂಡು ಎತ್ತರದ ಬೇರಿನ ಮೇಲೆ ಕೂತಿದ್ದ. ಮೊದಲು ನವಿಲು ಎದ್ದು ನಿಂತಿತು.

“ಒಳ್ಳೆಯ ತಿದ್ದುಪಡಿ. ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕು” ಎಂದಿತು. ನವಿಲು ಹುಟ್ಟಿದಾಗಿನಿಂದ ಒಂದು ಸಲವೂ ಕೋಣನ ಬೆನ್ನೇರಿರಲಿಲ್ಲ.

“ಬಂಡೆ ಅಂತೆ, ಗುರುತಂತೆ! ಇಷ್ಟು ಹೆದರಿದರೆ ಆಗುತ್ತದಾ?” ಎಂದು ಕೋತಿ ಮರದ ಮೇಲಿಂದಲೇ ಹಲ್ಲು ಕಿರಿಯಿತು.

“ಈಜು ಕಲಿಯಬೇಕಪ್ಪ ಎಲ್ಲರೂ” ಎಂದು ಕಡವೆ ಬುದ್ಧಿ ಹೇಳಿತು. ಮೊಲಕ್ಕೆ! ಈಜು! ಹೊಳೆ ಹೇಗೆ ದಾಟಬೇಕೆಂದು ಹೇಳಿದವರೆಲ್ಲ ಹೊಳೆಯ ಹಂಗಿಲ್ಲದವರೇ.

ಆಮೇಲೆ ಮೊಲದಮ್ಮನ ಸರದಿ ಬಂತು. ಎದ್ದಳು. ನರಿಯ ಮುಖ ನೋಡಿದಳು. ಅವಳ ಮೀಸೆ ಅದುರಿತು.

“ಸ್ವಾಮಿ... ನಮ್ಮ ಬಿಲದ ಬಾಗಿಲಲ್ಲಿ ಜಿಂಕೆಗಳು ದಿನಾ ಹಿಕ್ಕೆ ಹಾಕಿ ಹೋಗ್ತವೆ. ಅದಕ್ಕೇನಾದ್ರೂ ಮಾಡಬೇಕು” ಎಂದು ಹೇಳಿ ದಡಕ್ಕನೆ ಕೂತುಬಿಟ್ಟಳು. ಜಿಂಕೆಗಳು “ನಾವಲ್ಲ, ಕಡವೆ!” ಎಂದು ಎದ್ದು ನಿಂತವು. ಸಭೆಯೆಲ್ಲ ಹಿಕ್ಕೆಯ ಜಗಳವಾಯಿತು. ಅರ್ಧ ದಿನ ಅದರಲ್ಲೇ ಹೋಯಿತು. ನರಿ ಒಬ್ಬರನ್ನೂ ತಡೆಯಲಿಲ್ಲ. ಆರಾಮಾಗಿ ಒರಗಿ ಕೂತು ಕೇಳಿದ.

ಮುಳ್ಳುಹಂದಿ ಎದ್ದು, “ಬಾಲದ ಹತ್ತಿರ ಕೂತ್ರೆ ಜಾರುತ್ತೆ. ನನಗೊಂದು ಹುಲ್ಲಿನ ಮೆತ್ತೆ ಬೇಕು” ಎಂದಳು. ನರಿ ಬಹಳ ಗಂಭೀರವಾಗಿ ತಲೆಯಾಡಿಸಿದ. “ಬಹಳ ಒಳ್ಳೆಯ ಸಲಹೆ.”

ಕೆಂಚಕ್ಕನ ಸರದಿ ಬರುವಾಗ ಹೊತ್ತು ಇಳಿದಿತ್ತು. ಪ್ರಾಣಿಗಳು ಆಕಳಿಸುತ್ತಿದ್ದವು. ಅವಳು ಮುಂದೆ ಬಂದು ನಿಂತು ಹೇಳಿದಳು.

“ಅಮಲ್ದಾರ್ರೇ, ನನ್ನ ಮಗ ದಿನಾ ಈ ಹೊಳೆ ದಾಟ್ತಾನೆ. ಹೊಳೆ ನಡುವೆ ಗುಂಡಿ ಐತೆ. ನೀರು ಕೊಂಬೆ ತನಕ ಬಂದ್ರೆ ಕೋಣ ಮುಳುಗ್ತಾನೆ. ಮಕ್ಕಳು ಹೊಳೆಪಾಲಾಗ್ತಾವೆ. ಗುರುತು ಬಂಡೆ ಮೇಲೇ ಇರ್ಲಿ. ಏಡಿ ಬೇಕಾದ್ರೆ ಎಲ್ಲರೂ ಹೆಚ್ಚಿಗೆ ತಂದು ಕೊಡ್ತೀವಿ.”

ಏಡಿಯ ಮಾತು ಬಂದಾಗ ನರಿಯ ಕಿವಿ ನೆಟ್ಟಗಾಯಿತು. ಎಲ್ಲರ ಮುಂದೆ ಅದನ್ನು ಹೇಳಿದ್ದು ಅವನಿಗೆ ಸರಿಬರಲಿಲ್ಲ. ಆದರೂ ಬೆಣ್ಣೆಯಂಥ ದನಿಯಲ್ಲಿ ಕೇಳಿದ.

“ಕೆಂಚಕ್ಕ, ನಿನ್ನ ಮನೆಯಲ್ಲಿ ಯಾರಾದರೂ ಹೊಳೆಪಾಲಾಗಿದ್ದಾರಾ?”

“ಇಲ್ಲ. ಆಗಬಾರದೂ ಅಂತಾನೇ ಬಂದಿದ್ದೀನಿ.”

“ಹಾಗಾದರೆ ನೀನು ಬಾಧಿತಳಲ್ಲ ತಾಯಿ. ಅಭಿಪ್ರಾಯ ಯಾರು ಬೇಕಾದರೂ ಹೇಳಬಹುದು. ಆಕ್ಷೇಪ ಮಾತ್ರ ಬಾಧೆಗೊಳಗಾದವರೇ ಹೇಳಬೇಕು. ಕಂಡಕಂಡವರೆಲ್ಲ ಆಕ್ಷೇಪ ಎತ್ತಿದರೆ ಕಾಡು ನಡೆಯುವುದು ಹೇಗೆ?”

“ಬಾಧೆ ಆದೋರು ಹೊಳೇಲಿ ಹೋಗಿರ್ತಾರಲ್ಲ ಸ್ವಾಮಿ! ಅವರು ಬಂದು ಹೇಳೋದು ಹ್ಯಾಗೆ?”

ಕೋತಿ ಕಿಸಕ್ಕನೆ ನಕ್ಕಿತು. ಸಭೆಯಲ್ಲಿ ಇನ್ನೂ ಕೆಲವರು ನಕ್ಕರು. ಕೆಂಚಕ್ಕ ತಿರುಗಿ ಕರಿಬಸಣ್ಣನನ್ನು ನೋಡಿದಳು. “ನೀನಾದ್ರೂ ಹೇಳೋ ಅಣ್ಣಾ!”

ನರಿಯೂ ಅವನತ್ತ ನೋಡಿದ. “ಏನು ಕರಿಬಸಣ್ಣ, ದಾಟಿಸುವವನು ನೀನು. ನಿನಗೇನಾದರೂ ತೊಂದರೆಯೇ?”

ಕರಿಬಸಣ್ಣ ಗೊರಸಿನಿಂದ ನೆಲ ಕೆರೆದ. ಕಣ್ಣು ಎತ್ತಲಿಲ್ಲ. “ಪ್ರಭುಗಳು ಹೆಂಗೆ ಹೇಳಿದ್ರೆ ಹಂಗೆ” ಎಂದ.

ಅಷ್ಟಕ್ಕೆ ಸಭೆ ಮುಗಿಯಿತು. ಮೊಲದಮ್ಮ ಕೆಂಚಕ್ಕನ ಹಿಂದೆಯೇ ಓಡಿಬಂದು, “ನಾನೂ ಅದನ್ನೇ ಹೇಳಬೇಕೂಂತಿದ್ದೆ ಕಣೇ, ಬಾಯಿಗೇ ಬರಲಿಲ್ಲ” ಎಂದಳು. ಕೆಂಚಕ್ಕ ಬಿಲದ ಕಡೆ ನಡೆದಳು. ಏನು ಅನ್ನಬೇಕು ಅಂಥವರಿಗೆ? ನನಗಾದರೂ ಸಿಟ್ಟು ಬರುತ್ತದೆ. ಅವಳಿಗೆ ಸಿಟ್ಟು ಬರುವಷ್ಟೂ ತ್ರಾಣ ಉಳಿದಿರಲಿಲ್ಲ.

ಹುಣ್ಣಿಮೆ ಕಳೆಯಿತು. ಕಾಗೆ ಮತ್ತೆ ಕೂಗಿತು. “ಎಲ್ಲರ ಅಭಿಪ್ರಾಯವನ್ನೂ ಪರಿಗಣಿಸಲಾಗಿದೆ! ಇಂದಿನಿಂದ ಗುರುತು ಅತ್ತಿಯ ಕೊಂಬೆ! ಕೊಂಬೆ ಮುಳುಗುವವರೆಗೆ ಹೊಳೆ ತೆರೆದಿರುತ್ತದೆ! ಮುಳ್ಳುಹಂದಿಗೆ ಹುಲ್ಲಿನ ಮೆತ್ತೆ ಮಂಜೂರಾಗಿದೆ!”

ಕಾಡಿನ ಅಷ್ಟೂ ಅಭಿಪ್ರಾಯಗಳಲ್ಲಿ ಒಪ್ಪಿಗೆಯಾದದ್ದು ಆ ಹುಲ್ಲಿನ ಮೆತ್ತೆ ಒಂದೇ. ಮುಳ್ಳುಹಂದಿ ಅದನ್ನು ಎಲ್ಲರಿಗೂ ತೋರಿಸಿಕೊಂಡು ಓಡಾಡಿದಳು.

ಮಳೆ ಹಿಡಿಯಿತು. ಹೊಳೆ ಕೆಂಪಾಯಿತು. ಆಮೆಬಂಡೆ ಮುಳುಗಿತು. ಅದರ ಮೇಲೆ ಮೊಳದಷ್ಟು ನೀರು ನಿಂತಿತು. ಅತ್ತಿಯ ಕೊಂಬೆ ಮಾತ್ರ ಇನ್ನೂ ಎತ್ತರದಲ್ಲಿತ್ತು. ನರಿ ದಡದಲ್ಲಿ ನಿಂತು “ಹೊಳೆ ತೆರೆದಿದೆ! ಹತ್ತಿ, ಹತ್ತಿ!” ಎಂದು ಕೂಗುತ್ತಿದ್ದ. ಒಬ್ಬೊಬ್ಬರ ಕೈಯಿಂದಲೂ ಏಡಿ ಇಸಿದುಕೊಳ್ಳುತ್ತಿದ್ದ.

ಕೆಂಚಕ್ಕ ಮಗನನ್ನು ಕಳಿಸಲಿಲ್ಲ. “ನಮಗೆ ಬಂಡೆಯೇ ಗುರುತು” ಎಂದು ಬಿಲದ ಬಾಗಿಲಿಗೆ ಅಡ್ಡ ಮಲಗಿದಳು. ಆದರೆ ನೋಡಿ, ಹಳೆಯ ನಿಯಮ ಇದ್ದಾಗ ಯಾರೂ ಏನೂ ಹೇಳಬೇಕಿರಲಿಲ್ಲ. ಬಂಡೆ ಮುಳುಗಿದರೆ ಎಲ್ಲರಿಗೂ ರಜೆ. ಈಗ ಹಾಗಿಲ್ಲ. ಹೊಳೆ ತೆರೆದಿದೆ ಎಂದು ಅಮಲ್ದಾರರೇ ಕೂಗುವಾಗ ಮನೆಯಲ್ಲಿ ಕೂತವನು ಮೈಗಳ್ಳನಾದ. ಹೆದರುಪುಕ್ಕಲನಾದ. ಆಚೆ ದಡದಿಂದ ಮೇಷ್ಟ್ರು ಕಾಗೆಯ ಬಾಯಲ್ಲಿ ಹೇಳಿ ಕಳಿಸಿದರು.

“ಎಲ್ಲರೂ ಬರುತ್ತಿದ್ದಾರೆ, ನಿನ್ನ ಮಗನಿಗೇನು ಕೇಡು? ಹೆಡೆ ತಪ್ಪಿಸುವ ಕೊನೆಯ ಪಾಠ ನಾಳೆ. ಅದಕ್ಕೂ ಬರದಿದ್ದರೆ ಇನ್ನು ಬರುವುದೇ ಬೇಡ.”

ಜೀರಿಗೆ ಅವ್ವನ ಕೊರಳಿಗೆ ಜೋತುಬಿದ್ದ. “ಅವ್ವಾ, ಮೊಲದ ಮರಿಗಳೂ ದಿನಾ ದಾಟ್ತಾವೆ. ಏನೂ ಆಗಿಲ್ಲ. ನನ್ನ ಪುಕ್ಕಲ ಅಂತಾರವ್ವ. ಪಾಠ ಬರದಿದ್ರೆ ಹಾವು ಕಚ್ಚೋಕೆ ಬಂದಾಗ ನಾನೇನು ಮಾಡ್ಲಿ?”

ಕೆಂಚಕ್ಕ ಯೋಚಿಸಿದಳು. ಕಳಿಸಿದರೆ ಹೊಳೆ, ಕಳಿಸದಿದ್ದರೆ ಹಾವು. ಯಾವ ಕಡೆ ನೋಡಿದರೂ ದಾರಿಯಿಲ್ಲ. ಅಷ್ಟು ದಿನ ಯಾರಿಗೂ ಏನೂ ಆಗಿರಲಿಲ್ಲ ಎಂಬುದೂ ನಿಜ. ತಾನೇ ಸುಮ್ಮನೆ ಹೆದರುತ್ತಿದ್ದೇನೋ ಏನೋ ಎಂದು ಅವಳಿಗೂ ಅನ್ನಿಸಿತು. ಕಾಡೆಲ್ಲ ಒಂದು ಮಾತು ಹೇಳುವಾಗ ಒಬ್ಬಳೇ ಎಷ್ಟು ದಿನ ಬೇರೆ ಮಾತು ಹಿಡಿದುಕೊಂಡಿರಬಲ್ಲಳು?

ಬೆಳಗ್ಗೆ ತಾನೇ ಕರೆದುಕೊಂಡು ಹೋದಳು. ತಾನೇ ಎತ್ತಿ ಕರಿಬಸಣ್ಣನ ಬೆನ್ನ ಮೇಲೆ ಕೂರಿಸಿದಳು. ತಾನೂ ಹತ್ತಬೇಕೆಂದು ಕಾಲಿಟ್ಟಳು. ನರಿ ತಡೆದ. “ಜಾಗ ಇಲ್ಲ ತಾಯಿ, ಮುಂದಿನ ಸವಾರಿಗೆ ಬಾ.” ಬೆನ್ನು ತುಂಬಿ ತುಳುಕುತ್ತಿತ್ತು.

“ಗಟ್ಟಿಯಾಗಿ ಹಿಡ್ಕೋ ಮಗಾ” ಅಂದಳು.

“ಹಿಡ್ಕೊಂಡಿದ್ದೀನವ್ವ. ನೀನು ಹೋಗು” ಅಂದ ಜೀರಿಗೆ. ಅವನಿಗೆ ಖುಷಿಯೋ ಖುಷಿ.

ಇಲ್ಲಿಂದ ಮುಂದೆ ಹೇಳಲು ನನಗೆ ಮನಸ್ಸಿಲ್ಲ. ಆದರೆ ಹೇಳಬೇಕು.

ಕರಿಬಸಣ್ಣ ನೀರಿಗಿಳಿದ. ಮೊದಲು ಹೊಟ್ಟೆವರೆಗೆ ನೀರು ಬಂತು. ಆಮೇಲೆ ಹೆಗಲವರೆಗೆ ಬಂತು. ರಾತ್ರಿಯ ಮಳೆಗೆ ನೀರು ಇನ್ನೂ ಏರಿತ್ತು, ನಡುವಿನ ಗುಂಡಿಗೆ ಬಂದಾಗ ಈ ಸಲ ಕಾಲು ನಿಲ್ಲಲಿಲ್ಲ. ಅವನು ಈಜಿದ. ಈಜಿದಾಗ ಬೆನ್ನು ಮುಳುಗಿತು. ಮೊಲಗಳು ಮುಂದೆ ಕೂತಿದ್ದರಿಂದ ಅವನ ಕೊಂಬಿಗೆ ಜೋತುಬಿದ್ದವು. ಮುಳ್ಳುಹಂದಿ ಬಾಲ ಕಚ್ಚಿ ಹಿಡಿದಳು. ಅವಳ ಮೆತ್ತೆ ತೇಲಿಹೋಯಿತು. ನಡುವೆ ಕೂತವರಿಗೆ ಹಿಡಿಯಲು ಏನೂ ಇರಲಿಲ್ಲ. ದೊಡ್ಡ ಮುಂಗುಸಿಗಳು ಹೇಗೋ ಅವನ ಕೊರಳ ಕೂದಲು ಹಿಡಿದವು. ಎಲ್ಲರಿಗಿಂತ ಸಣ್ಣವನ ಕೈಗೆ ಅದು ಎಟುಕಲಿಲ್ಲ.

“ಅವ್ವಾ” ಎಂದು ಒಂದೇ ಸಲ ಕೇಳಿಸಿತು.

ಕೆಂಚಕ್ಕ ದಡದಗುಂಟ ಓಡಿದಳು. ಮುಳ್ಳು ಕಲ್ಲು ನೋಡದೆ ಓಡಿದಳು. ಕೆಂಪು ನೀರಿನಲ್ಲಿ ಒಂದು ಸಲ ಪುಟ್ಟ ಕಿವಿ ಕಂಡಂತಾಯಿತು. ಆಮೇಲೆ ಅದೂ ಕಾಣಲಿಲ್ಲ. ಹೊಳೆ ತಿರುಗುವ ಕಡೆವರೆಗೂ ಓಡಿ, ಅಲ್ಲಿಂದ ಮುಂದೆ ದಡವೇ ಇಲ್ಲದೆ ನಿಂತಳು. ಎಷ್ಟು ಹೊತ್ತು ಕೂಗಿದಳೋ. ಯಾರೂ ಓಗೊಡಲಿಲ್ಲ.

ಮೈಯೆಲ್ಲ ನೆಂದು, ಕಾಲೆಲ್ಲ ರಕ್ತವಾಗಿ ಅವಳು ಅತ್ತಿಮರದ ಕೆಳಗೆ ಬಂದಳು. ನರಿ ಏಡಿ ತಿನ್ನುತ್ತಿದ್ದ. ಅವಳನ್ನು ಕಂಡು ಬಾಯಿ ಒರೆಸಿಕೊಂಡ.

“ಅಮಲ್ದಾರ್ರೇ” ಎಂದಳು. “ಈಗ ನಾನು ಬಾಧಿತಳು. ಈಗ ಆಕ್ಷೇಪ ಹೇಳಬಹುದಾ?”

“ಬಹಳ ದುಃಖದ ಸಂಗತಿ ಕೆಂಚಕ್ಕ” ಎಂದ ನರಿ. ಅವನ ಮುಖ ನಿಜವಾಗಿಯೂ ಬಾಡಿತ್ತು. ಅದನ್ನು ನೋಡಿಯೇ ಹೆಚ್ಚು ಹೊಟ್ಟೆ ಉರಿಯುತ್ತದೆ. “ಆದರೆ ಗಡುವು ಹುಣ್ಣಿಮೆಗೇ ಮುಗಿಯಿತಲ್ಲ ತಾಯಿ. ನಾನೇನು ಮಾಡಲಿ, ನನ್ನ ಕೈ ಕಟ್ಟಿಹಾಕಿದೆ. ಅಲ್ಲದೆ ನೋಡು, ಕೊಂಬೆ ಮುಳುಗಿಲ್ಲ. ನಿಯಮದ ಪ್ರಕಾರ ಹೊಳೆ ಸುರಕ್ಷಿತವಾಗಿಯೇ ಇತ್ತು. ಹುಡುಗ ಗಟ್ಟಿಯಾಗಿ ಹಿಡಿದುಕೊಂಡಿಲ್ಲ, ಅಷ್ಟೇ.”

ಕೆಂಚಕ್ಕ ಅವನ ಮೇಲೆ ಬೀಳಲಿಲ್ಲ. ಕಚ್ಚಲಿಲ್ಲ. ಮುಂಗುಸಿಯಲ್ಲವೇ, ಮನಸ್ಸು ಮಾಡಿದ್ದರೆ ಗಂಟಲು ಸೀಳಬಹುದಿತ್ತು. ಆದರೆ ಅವಳ ಮೈಯಲ್ಲಿ ಜೀವವೇ ಇರಲಿಲ್ಲ. ಅಲ್ಲೇ ಕುಸಿದು ಕೂತಳು. ನವಿಲು ಬಂದು ನೋಡಿ ಪಾಪ ಎಂದಿತು. ಕಡವೆ ಬಂದು ಪಾಪ ಎಂದಿತು. ಮೊಲದಮ್ಮ ಅವಳನ್ನು ತಬ್ಬಿಕೊಂಡು ಗೋಳೋ ಎಂದು ಅತ್ತಳು. ಮರುದಿನ ಮೊಲದಮ್ಮನ ಮರಿಗಳೂ ಹೊಳೆ ದಾಟಿದವು. ಹೊಳೆ ತೆರೆದಿತ್ತಲ್ಲ, ದಾಟದಿದ್ದರೆ ಹೇಗೆ?

ಇತ್ತ ಬೆಟ್ಟದ ಮೇಲೆ ಸಿಂಹರಾಜನಿಗೆ ಬಹಳ ಸಂತೋಷವಾಗಿತ್ತು. ಮಳೆಗಾಲದಲ್ಲೂ ಸವಾರಿ ನಿಂತಿಲ್ಲವೆಂದು ಪಕ್ಕದ ಕಾಡಿನ ಹುಲಿಯೇ ಹೊಗಳಿತ್ತಂತೆ. ಸಿಂಹ ಕಾಗೆಯನ್ನು ಕರೆದು ಹೇಳಿತು. “ಅಮಲ್ದಾರನನ್ನು ಈಗಲೇ ಕರೆದು ತಾ. ಹುಲಿ ಇಲ್ಲೇ ಕೂತಿದೆ. ಅದರ ಮುಂದೆಯೇ ಬಹುಮಾನ ಕೊಡಬೇಕು.”

ಕಾಗೆ ಬಂದು ಹೇಳಿದಾಗ ನರಿಯ ಬಾಲ ಸಂಭ್ರಮದಿಂದ ಅಲ್ಲಾಡಿತು. ಆಮೇಲೆ ಹೊಳೆಯ ಕಡೆ ನೋಡಿದ. ಬಾಲ ನಿಂತಿತು. ಆ ದಿನ ಹೊಳೆ ಬೋರ್ಗರೆಯುತ್ತಿತ್ತು. ನೀರು ಕೊಂಬೆಯಿಂದ ಒಂದು ಗೇಣು ಕೆಳಗಿತ್ತು. ಇಷ್ಟು ಕಾಲ ಅಮಲ್ದಾರನಾಗಿದ್ದರೂ ಅವನು ಮಳೆಗಾಲದಲ್ಲಿ ಒಂದು ದಿನವೂ ಹೊಳೆ ದಾಟಿದವನಲ್ಲ.

“ಇವತ್ತು ನನಗೆ ಸ್ವಲ್ಪ ತಲೆನೋವು ಕಾಗಯ್ಯ. ನೀರು ಇಳಿದ ಮೇಲೆ ಬರುತ್ತೇನೆ ಅಂತ ಹೇಳು.”

“ನೀರು ಇಳಿದ ಮೇಲೆ?” ಕಾಗೆ ಕತ್ತು ಕೊಂಕಿಸಿತು. “ಹಾಗಾದರೆ ಹೊಳೆ ಸುರಕ್ಷಿತವಾಗಿಲ್ಲ ಅಂತ ಅಮಲ್ದಾರರೇ ಹೇಳಿದರು ಅಂತ ಹೋಗಿ ಹೇಳಲಾ? ಹುಲಿಯ ಮುಂದೆ?”

ನರಿ ಲೆಕ್ಕ ಹಾಕಿದ. ಹಾಗೆ ಹೇಳಿದರೆ ಬಹುಮಾನ ಹೋಗುತ್ತದೆ, ಕೆಲಸ ಹೋಗುತ್ತದೆ, ಸಿಂಹದ ಸಿಟ್ಟಿಗೆ ತಲೆಯೂ ಹೋಗಬಹುದು. ಸುತ್ತ ಪ್ರಾಣಿಗಳು ನಿಂತು ನೋಡುತ್ತಿದ್ದವು. ಅವನು ಮೆಲ್ಲಗೆ ಕರಿಬಸಣ್ಣನ ಬೆನ್ನೇರಿದ.

“ಗಟ್ಟಿಯಾಗಿ ಹಿಡ್ಕೊಳ್ಳಿ ಸ್ವಾಮಿ” ಎಂದ ಕರಿಬಸಣ್ಣ. ಜೀರಿಗೆ ಹೋದ ಮೇಲೆ ಅವನು ಆಡಿದ ಮೊದಲ ಮಾತು ಅದು.

ಬೇಕೆಂದೇ ಬೀಳಿಸಿದ ಎಂದು ಕೋತಿಗಳು ಇವತ್ತಿಗೂ ಹೇಳುತ್ತವೆ. ಸುಳ್ಳು. ಕರಿಬಸಣ್ಣ ಉಸಿರು ಬಿಗಿಹಿಡಿದು ಈಜಿದ. ಆದರೆ ಗುಂಡಿ ಅದೇ ಗುಂಡಿ. ಬೆನ್ನು ಮುಳುಗಿತು. ನರಿ ಜಾರಿದ. ನೀರು ಅವನನ್ನು ದಡದ ಕಡೆಗೊಮ್ಮೆ ನೂಕಿ ಮತ್ತೆ ಎಳೆದುಕೊಂಡಿತು.

ಹೊಳೆ ತಿರುಗುವ ಕಡೆ ಕೆಂಚಕ್ಕ ಕೂತಿದ್ದಳು. ಅವಳು ದಿನವೂ ಅಲ್ಲೇ ಕೂರುತ್ತಿದ್ದಳು. ನರಿ ಅವಳನ್ನು ನೋಡಿ ಅರಚಿದ. “ಕೆಂಚಕ್ಕಾ! ನನ್ನ ತಾಯೀ! ಏನಾದರೂ ಎಸಿ! ನಿಯಮ ಬದಲಾಯಿಸುತ್ತೀನಿ! ಬಂಡೆಗೇ ಇಳಿಸುತ್ತೀನಿ!”

ಕೆಂಚಕ್ಕ ಎದ್ದಳು. ಹತ್ತಿರವಿದ್ದ ಬಳ್ಳಿಯೊಂದನ್ನು ಕಚ್ಚಿ ಎಳೆದು ನೀರಿಗೆ ಎಸೆದಳು. ಯಾಕೆ ಎಸೆದಳೋ ಅವಳಿಗೇ ಗೊತ್ತಿಲ್ಲ. ಅವನ ಮೇಲಿನ ಕನಿಕರವಂತೂ ಅಲ್ಲ. ನೀರಲ್ಲಿ ಒಂದು ಜೀವ ಕೂಗಿತು, ಅವಳು ಎಸೆದಳು, ಅಷ್ಟೇ. ಬಳ್ಳಿ ಗಿಡ್ಡವಾಗಿತ್ತು. ನರಿಯ ಉಗುರು ಅದನ್ನು ಮುಟ್ಟಿತು, ಹಿಡಿಯಲಿಲ್ಲ. ಹೊಳೆ ಅವನನ್ನು ತೆಗೆದುಕೊಂಡು ಹೋಯಿತು.

ಸುದ್ದಿ ಬೆಟ್ಟಕ್ಕೆ ಮುಟ್ಟಿತು. ಹುಲಿಯ ಮುಂದೆ ಸಿಂಹದ ಮುಖ ಕೆಂಪಾಯಿತು. ಅದು ಎದ್ದು ನಿಂತು ಬೆಟ್ಟ ನಡುಗುವಂತೆ ಗರ್ಜಿಸಿತು. ಸಂಜೆಯೊಳಗೆ ಕಾಗೆ ಮರದಿಂದ ಮರಕ್ಕೆ ಹಾರಿತು.

“ಕೇಳ್ರಪ್ಪೋ ಕೇಳಿ! ಅಮಲ್ದಾರರ ಸಾವಿನಿಂದ ಪ್ರಭುಗಳಿಗೆ ಅಪಾರ ದುಃಖವಾಗಿದೆ! ಈ ಕ್ಷಣದಿಂದ ಗುರುತು ಮತ್ತೆ ಆಮೆಬಂಡೆಗೆ! ಬಂಡೆ ಮುಳುಗಿದರೆ ಸವಾರಿ ಬಂದ್! ತಪ್ಪಿದವರಿಗೆ ಶಿಕ್ಷೆ! ಈ ನಿಯಮಕ್ಕೆ ಅಮಲ್ದಾರರ ಹೆಸರನ್ನೇ ಇಡಲಾಗಿದೆ!”

ಈ ಸಲ ಕರಡು ಇರಲಿಲ್ಲ. ಗಡುವು ಇರಲಿಲ್ಲ. ಸಭೆಯೂ ಇರಲಿಲ್ಲ. ಯಾರ ಅಭಿಪ್ರಾಯವನ್ನೂ ಕೇಳಲಿಲ್ಲ. ಬೆಳಗ್ಗೆ ಇದ್ದ ನಿಯಮ ಸಂಜೆಗೆ ಇರಲಿಲ್ಲ. ಇಷ್ಟು ಸುಲಭವಾಗಿತ್ತು, ನೋಡಿ. ಮೊದಲೂ ಇಷ್ಟೇ ಸುಲಭವಾಗಿತ್ತು.

ಪ್ರಾಣಿಗಳೆಲ್ಲ ನೆಮ್ಮದಿಯ ಉಸಿರು ಬಿಟ್ಟವು. ಮೊಲದಮ್ಮ ಮರಿಗಳನ್ನು ಒಳಗೆ ಕರೆದುಕೊಂಡಳು. ಕಾಗೆ ಕೂಗಿ ಕೂಗಿ ದಣಿದು ಹೊಳೆಯ ತಿರುವಿಗೆ ಬಂದು ಕೂತಿತು. ಅಲ್ಲಿ ಕೆಂಚಕ್ಕ ಹಾಗೆಯೇ ಕೂತಿದ್ದಳು.

“ಕೇಳಿಸಿತಾ ಕೆಂಚಕ್ಕ? ನೀನು ಕೇಳಿದ್ದೇ ಆಯಿತು. ಒಂದಕ್ಷರವೂ ಬದಲಾಗದೆ ಆಯಿತು. ಈಗಲಾದರೂ ಮನಸ್ಸಿಗೆ ಸಮಾಧಾನವಾಯಿತಾ?”

ಕೆಂಚಕ್ಕ ನೀರಿನಿಂದ ಕಣ್ಣು ತೆಗೆಯಲಿಲ್ಲ. ಮೆಲ್ಲಗೆ ಅಂದಳು.

“ನನ್ನ ಜೀರಿಗೆ ಅಮಲ್ದಾರನ ಹೊಟ್ಟೇಲಿ ಹುಟ್ಟಬೇಕಿತ್ತು ಕಣಪ್ಪ.”

ನೀತಿ: ಅಪಾಯವಿದೆ ಎಂದು ಸಣ್ಣವರು ಹೇಳುವಾಗಲೇ ಕೇಳಬೇಕು, ದೊಡ್ಡವರು ಸತ್ತ ಮೇಲೆ ತಿದ್ದಿದ ನಿಯಮ ಸತ್ತ ಮಗುವನ್ನು ತಾಯಿಗೆ ತಂದುಕೊಡುವುದಿಲ್ಲ.